ಎಕ್ಸ್‌ರೇಯಲ್ಲಿ ಕಾಣದ ನೋವು

ಮಗಳ ಬಲ ಪಾದದ ಮೂಳೆಯೊಂದರಲ್ಲಿ ಗಡ್ಡೆ ಇತ್ತು. ಕ್ಯಾನ್ಸರ್ ಅಲ್ಲ. ಅದನ್ನು ಸುಡಿಸಿ ಆಗಿದೆ, ಈಗ ಆರಾಮಾಗಿದ್ದಾಳೆ. ಇಷ್ಟನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ರಾತ್ರಿ ಹೊತ್ತು ಫೋನು ಹಿಡಿದು ಇಂಥ ಬರಹಗಳನ್ನು ಹುಡುಕುತ್ತಿದ್ದಾಗ ಮೊದಲು ಕೊನೆಯ ಪ್ಯಾರಾಕ್ಕೆ ಹಾರಿ, ಮಗು ಹುಷಾರಾಯಿತೇ ಎಂದು ನೋಡಿಕೊಂಡು, ಆಮೇಲೆ ಮೇಲಿನಿಂದ ಓದುತ್ತಿದ್ದೆ. ಆ ಕಷ್ಟ ನಿಮಗೆ ಬೇಡ.

ನಮ್ಮದು ಶಿರಸಿ. ಅದು ಜಾತ್ರೆಯ ವರ್ಷ. ಮಾರಿಕಾಂಬೆಯ ಜಾತ್ರೆ ನಡೆಯುವುದು ಎರಡು ವರ್ಷಕ್ಕೊಮ್ಮೆ, ಹಾಗಾಗಿ ಅಷ್ಟೂ ದಿನ ಮನೆ ತುಂಬ ನೆಂಟರು, ಮಕ್ಕಳಿಗೆ ಜಾತ್ರೆ ನಡೆಯುವ ಬಿಡಕಿಬೈಲಿನಿಂದ ಮನೆಗೆ, ಮನೆಯಿಂದ ಬಿಡಕಿಬೈಲಿಗೆ ಓಡಾಟ. ಅದು ಮುಗಿದ ಮೇಲೆ ಹನ್ನೆರಡರ ಮಗಳು ಕಾಲು ನೋವು ಎಂದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. ಪಾದದ ಗಂಟಿನ ಮುಂಭಾಗ, ಕಾಲು ಮತ್ತು ಪಾದ ಸೇರುವ ಮಡಿಕೆಯಲ್ಲಿ ಬೆರಳಿಟ್ಟು ತೋರಿಸುತ್ತಿದ್ದಳು. ಶಾಲೆಯ ಖೋಖೋ ತಂಡದಲ್ಲಿ ಬೇರೆ ಇದ್ದಾಳೆ. ಉಳುಕಿರಬೇಕು ಎಂದು ಅತ್ತೆ ಎಣ್ಣೆ ಬಿಸಿ ಮಾಡಿ ತಿಕ್ಕಿದರು. ಉಳುಕು ತೆಗೆಯುವವರೊಬ್ಬರು ನಮ್ಮ ಊರಿನ ಕಡೆ ಇದ್ದಾರೆ, ಅವರೂ ನೋಡಿ, ಒತ್ತಿ, ಸೊಪ್ಪಿನ ಪಟ್ಟು ಹಾಕಿದರು. ಪಟ್ಟು ಹಾಕಿದ ರಾತ್ರಿ ಅವಳು ಅತ್ತದ್ದು ನೆನೆದರೆ ಈಗಲೂ ಹೊಟ್ಟೆ ತೊಳಸುತ್ತದೆ.

ಉಳುಕಾಗಿದ್ದರೆ ದಿನ ಕಳೆದಂತೆ ಕಡಿಮೆಯಾಗಬೇಕಿತ್ತು. ಇದು ಹಾಗಿರಲಿಲ್ಲ. ಹಗಲು ಸ್ವಲ್ಪ ಕುಂಟುತ್ತಿದ್ದಳು, ಆದರೆ ಶಾಲೆಗೆ ಹೋಗಿ ಬರುತ್ತಿದ್ದಳು. ನಿಜವಾದ ನೋವು ರಾತ್ರಿಯದು. ಊಟ ಮಾಡಿ ನಗುನಗುತ್ತಾ ಮಲಗಿದವಳು ನಡುರಾತ್ರಿ ಒಂದೂವರೆಗೋ ಎರಡಕ್ಕೋ ಎದ್ದು ಕೂತು, ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಆಯಿ, ಮತ್ತೆ ಶುರು ಆತು" ಎನ್ನುವಳು. ಒತ್ತಿದರೂ ಹೋಗದು, ಬಿಸಿನೀರಿಗೂ ಬಗ್ಗದು. ಕಾಲನ್ನು ಆಡಿಸದೆ ಸುಮ್ಮನೆ ಮಲಗಿದ್ದಾಗಲೇ ಬರುವ ನೋವು. ಆಟದ ಗಾಯ ವಿಶ್ರಾಂತಿಯಲ್ಲಿ ಹೆಚ್ಚಾಗುವುದುಂಟೇ? ಈ ಪ್ರಶ್ನೆ ಆಗಲೇ ತಲೆಯಲ್ಲಿ ಬಂದಿತ್ತು, ಕೇಳಿದವರು ಮಾತ್ರ ಬೇರೆ ಬೇರೆ ಉತ್ತರ ಕೊಟ್ಟರು.

ಹೆಚ್ಚು ಸಿಕ್ಕಿದ ಉತ್ತರ, "ಬೆಳೆಯೋ ನೋವು. ಈ ವಯಸ್ಸಿಗೆ ಎಲ್ಲ ಮಕ್ಕಳಿಗೂ ಬರುತ್ತೆ." ನಮ್ಮ ಮಕ್ಕಳ ಡಾಕ್ಟರು ಮಾತ್ರ ಇದನ್ನು ಒಪ್ಪಲಿಲ್ಲ. ಅವರು ಹೇಳಿದ್ದು ಉಪಯುಕ್ತವಾದ ಮಾತು, ಬರೆದಿಡುತ್ತೇನೆ. ಬೆಳವಣಿಗೆಯ ನೋವು ಸಾಮಾನ್ಯವಾಗಿ ಎರಡೂ ಕಾಲಿಗೆ ಬರುತ್ತದೆ, ಮೀನಖಂಡದಲ್ಲೋ ತೊಡೆಯಲ್ಲೋ ಇರುತ್ತದೆ, ಕೀಲಿನಲ್ಲಿ ಇರುವುದಿಲ್ಲ. ಮಗು ಬೆರಳಿಟ್ಟು ಇಲ್ಲೇ ಎಂದು ತೋರಿಸುವುದಿಲ್ಲ, ಮನೆಯವರು ಒತ್ತಿದರೆ ಹಿತವೆನಿಸುತ್ತದೆ, ಬೆಳಗ್ಗೆ ಎದ್ದರೆ ಕುಂಟುವುದಿಲ್ಲ. ಒಂದೇ ಕಾಲು, ಒಂದೇ ಜಾಗ, ಬೆಳಗ್ಗೆ ಕುಂಟು ಇದ್ದರೆ ಅದನ್ನು ಬೆಳೆಯುವ ನೋವು ಎಂದು ಕೈತೊಳೆದುಕೊಳ್ಳಬಾರದು. ಅವರೇ ಮೂಳೆ ಡಾಕ್ಟರಿಗೆ ಚೀಟಿ ಕೊಟ್ಟರು.

ಎಕ್ಸ್‌ರೇ ತೆಗೆಸಿದೆವು. ಏನೂ ಇಲ್ಲ. ಎರಡು ದಿಕ್ಕಿನಿಂದ ತೆಗೆದ ಚಿತ್ರ, ಚಂದದ ಮೂಳೆಗಳು. ಲಿಗಮೆಂಟು ಪೆಟ್ಟಾಗಿರಬಹುದು ಎಂದು ಮೊಣಕಾಲಿನ ಕೆಳಗಿನಿಂದ ಸ್ಲ್ಯಾಬ್, ಅಂದರೆ ಅರ್ಧ ಪ್ಲಾಸ್ಟರು, ಕಟ್ಟಿದರು. ಕೆಲವು ವಾರಗಳ ನಂತರ ಬಿಚ್ಚಿದಾಗ ನೋವು ಹಾಗೇ ಇತ್ತು. ಬಲ ಮೀನಖಂಡ ಮಾತ್ರ ಎಡಕ್ಕಿಂತ ಸಣಕಲಾಗಿತ್ತು. ಸ್ಲ್ಯಾಬಿನಿಂದ ಹಾಗಾಗಿದ್ದು ಎಂದುಕೊಂಡೆವು. ನೋವಿರುವ ಕಾಲಿಗೆ ಭಾರ ಬಿಡದೆ ತಿಂಗಳುಗಟ್ಟಲೆ ನಡೆದರೂ ಸ್ನಾಯು ಹಾಗೇ ಸೊರಗುತ್ತದೆ ಎಂಬುದು ಆಮೇಲೆ ಗೊತ್ತಾಯಿತು.

ಈ ನಡುವೆ ಶಾಲೆಯಲ್ಲಿ, ನೆಂಟರಲ್ಲಿ ಇನ್ನೊಂದು ಗುಸುಗುಸು. ಎಕ್ಸ್‌ರೇ ಸರಿ ಇದೆಯಂತೆ, ರಕ್ತ ಸರಿ ಇದೆಯಂತೆ, ಹುಡುಗಿ ಓದು ತಪ್ಪಿಸಿಕೊಳ್ಳಲು ನಾಟಕ ಮಾಡುತ್ತಿದ್ದಾಳೆ ಅಂತ. ದಸರಾ ರಜೆಯಲ್ಲೂ ನಡುರಾತ್ರಿ ಎರಡಕ್ಕೆ ಎದ್ದು ನಾಟಕ ಮಾಡುವ ಮಗುವನ್ನು ನಾನು ನೋಡಿಲ್ಲ. ಮಗು ನೋವು ಎಂದರೆ ನೋವೇ. ಯಂತ್ರಕ್ಕೆ ಕಾಣದಿದ್ದರೆ ಅದು ಯಂತ್ರದ ಮಿತಿ.

ನಂತರ ಹುಬ್ಬಳ್ಳಿ. ಅಷ್ಟು ಹೊತ್ತಿಗೆ ಗಂಟಿನ ಮುಂಭಾಗ ಸ್ವಲ್ಪ ಊದಿಕೊಂಡಿತ್ತು, ಪಾದ ಮೇಲೆ ಕೆಳಗೆ ಆಡಿಸುವುದು ಕಡಿಮೆಯಾಗಿತ್ತು. ಎಂ.ಆರ್.ಐ. ಮಾಡಿಸಿದರು. ವರದಿಯಲ್ಲಿ ಟೇಲಸ್ ಎಂಬ, ಪಾದದ ಗಂಟಿನಲ್ಲಿ ಕಾಲಿನ ಮೂಳೆಯ ಕೆಳಗೆ ಕೂತಿರುವ ಮೂಳೆಯ ಮಜ್ಜೆಯಲ್ಲಿ ಊತ, ಕೀಲಿನಲ್ಲಿ ನೀರು ತುಂಬಿದೆ, ಕೀಲಿನ ಒಳಪೊರೆ ದಪ್ಪವಾಗಿದೆ ಎಂದಿತ್ತು. ಅದರ ಕೆಳಗೆ ಸೋಂಕು ಇರಬಹುದು, ಸಂಧಿವಾತ ಇರಬಹುದು, ಒತ್ತಡದಿಂದ ಬಿದ್ದ ಬಿರುಕೂ ಇರಬಹುದು, ರೋಗಿಯನ್ನು ನೋಡಿ ತೀರ್ಮಾನಿಸಿ ಎಂದು ಬರೆದಿದ್ದರು. ಬೇಕಾದ್ದು ಆರಿಸಿಕೊಳ್ಳಿ ಎಂಬ ಹಾಗೆ!

ನಮ್ಮ ದೇಶದಲ್ಲಿ ಒಂದೇ ಕೀಲು ತಿಂಗಳುಗಟ್ಟಲೆ ಊದಿದ್ದರೆ ಡಾಕ್ಟರ ಮನಸ್ಸು ಟಿ.ಬಿ.ಯ ಕಡೆ ಹೋಗುತ್ತದೆ. ಹೋಗಬೇಕಾದದ್ದೇ, ಮೂಳೆಯ ಟಿ.ಬಿ. ನಮ್ಮಲ್ಲಿ ಅಪರೂಪವೇನಲ್ಲ. ಮಾಂಟೂ ಪರೀಕ್ಷೆ ಮಾಡಿದರು, ಎದೆಯ ಎಕ್ಸ್‌ರೇ ತೆಗೆದರು, ಮೈಯಲ್ಲಿ ಉರಿಯೂತ ಇದೆಯೇ ಎಂದು ತೋರಿಸುವ ಇ.ಎಸ್.ಆರ್., ಸಿ.ಆರ್.ಪಿ., ಸಂಧಿವಾತದ ರಕ್ತಪರೀಕ್ಷೆಗಳು, ಎಲ್ಲ ಆದವು. ಎಲ್ಲವೂ ಸರಿ ಇತ್ತು. ಜ್ವರ ಇಲ್ಲ, ತೂಕ ಇಳಿದಿಲ್ಲ. ಆದರೂ ಟಿ.ಬಿ. ಮಾತ್ರೆ ಶುರು ಮಾಡಿ ನೋಡೋಣವೇ ಎಂಬ ಮಾತು ಬಂತು. ತಿಂಗಳುಗಟ್ಟಲೆ ನುಂಗಬೇಕಾದ, ಯಕೃತ್ತಿನ ಮೇಲೆ ಕಣ್ಣಿಟ್ಟುಕೊಂಡೇ ಕೊಡಬೇಕಾದ ಮಾತ್ರೆ. ನಮ್ಮನೆಯವರು, "ಸಾರ್, ಇನ್ನೊಬ್ಬರಿಗೆ ತೋರಿಸಿ ಬರ್ತೇವೆ" ಎಂದು ವಿನಯವಾಗಿ ಹೇಳಿದರು. ಡಾಕ್ಟರು ಬೇಸರಿಸಲಿಲ್ಲ. ಎಂ.ಆರ್.ಐ. ಸಿ.ಡಿ.ಯನ್ನೂ ತಾವೇ ತೆಗೆಸಿಕೊಟ್ಟರು. ವರದಿಯ ಕಾಗದ ಮಾತ್ರ ಹಿಡಿದುಕೊಂಡು ಹೋದರೆ ಮುಂದಿನವರಿಗೆ ಚಿತ್ರ ನೋಡಲಾಗುವುದಿಲ್ಲ, ಸಿ.ಡಿ. ಕೇಳಿ ತೆಗೆದುಕೊಳ್ಳಿ.

ರೋಗದ ಜಾಡು ಹಿಡಿದುಕೊಟ್ಟವರು ನಮ್ಮ ಅತ್ತೆ. ಅವರಿಗೆ ಅದು ಗೊತ್ತೂ ಇರಲಿಲ್ಲ.

ಮನೆಯಲ್ಲಿ ಎರಡು ಬಗೆಯ ನೋವಿನ ಮಾತ್ರೆ ಇದ್ದವು. ಒಂದು ಪ್ಯಾರಾಸಿಟಮಾಲ್, ಇನ್ನೊಂದು ಡಾಕ್ಟರು ಬರೆದುಕೊಟ್ಟ ಐಬುಪ್ರೊಫೆನ್. ಯಾವುದು ಕೈಗೆ ಸಿಕ್ಕಿತೋ ಅದನ್ನು ಕೊಡುತ್ತಿದ್ದೆವು. ಒಂದು ದಿನ ಅತ್ತೆ ತರಕಾರಿ ಹೆಚ್ಚುತ್ತಾ, "ಕೆಂಪು ಮಾತ್ರೆ ಕೊಟ್ಟ ದಿನ ಕೂಸು ಮಲಗ್ತು, ಬಿಳಿ ಮಾತ್ರೆ ಕೊಟ್ಟ ದಿನ ಮಲಗ್ತಿಲ್ಲೆ" ಎಂದರು. ನಾನು ಸಹಕಾರಿ ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಲೆಕ್ಕ ಬರೆಯದೆ ನಂಬುವ ಜಾತಿಯಲ್ಲ. ಅಂದಿನಿಂದ ಒಂದು ನೋಟ್‌ಬುಕ್ ಇಟ್ಟೆ. ನೋವು ಶುರುವಾದ ಗಂಟೆ, ಕೊಟ್ಟ ಮಾತ್ರೆ, ನಿದ್ದೆ ಹತ್ತಿದ ಗಂಟೆ, ಮರುದಿನ ಆಟ ಆಡಿದಳೇ ಇಲ್ಲವೇ. ಪುಟ ತುಂಬುವ ಮೊದಲೇ ಕಾಣಿಸಿತು, ಅತ್ತೆ ಹೇಳಿದ್ದು ಸರಿ. ಐಬುಪ್ರೊಫೆನ್ ಕೊಟ್ಟರೆ ಅರ್ಧ ಮುಕ್ಕಾಲು ಗಂಟೆಯಲ್ಲಿ ನೋವು ಪೂರ್ತಿ ಮಾಯ, ಬೆಳಗಿನವರೆಗೆ ನಿದ್ದೆ. ಪ್ಯಾರಾಸಿಟಮಾಲ್ ಕೊಟ್ಟರೆ ಹೊರಳಾಟ. ಹಗಲು ಆಡಿದ್ದಕ್ಕೂ ರಾತ್ರಿಯ ನೋವಿಗೂ ಸಂಬಂಧವೇ ಇರಲಿಲ್ಲ.

ಆ ನೋಟ್‌ಬುಕ್ಕನ್ನೂ ಸಿ.ಡಿ.ಯನ್ನೂ ಹಿಡಿದುಕೊಂಡು ದೇವಿಮನೆ ಘಟ್ಟ ಇಳಿದು ಕರಾವಳಿಯ ಮೆಡಿಕಲ್ ಕಾಲೇಜು ಆಸ್ಪತ್ರೆಯೊಂದಕ್ಕೆ ಹೋದೆವು. ಮಕ್ಕಳ ಮೂಳೆಗೆಂದೇ ಪ್ರತ್ಯೇಕ ವಿಭಾಗ ಇದೆಯೆಂದು ಯಾರೋ ಹೇಳಿದ್ದರು. ಹೊರಗೆ ಕಾಯುವ ಬೆಂಚಿನಲ್ಲಿ ಕೂತ ಹೊತ್ತು ಉಪಯೋಗಕ್ಕೆ ಬಂತು. ಪಾದದ ಮೂಳೆಯಲ್ಲಿ ಗಡ್ಡೆಯೆಂದರೆ ಒಂದೇ ಬಗೆಯಲ್ಲ, ಎಷ್ಟೋ ಬಗೆ ಇವೆ ಎಂಬುದು ಅಲ್ಲೇ ಮೊದಲು ತಿಳಿದದ್ದು. ಪಕ್ಕದಲ್ಲಿ ಕೂತ ಹುಡುಗನ ಹಿಮ್ಮಡಿಯ ಮೂಳೆಯೊಳಗೆ ನೀರುಗುಳ್ಳೆ. ಅವನಿಗೆ ನೋವೇ ಇರಲಿಲ್ಲ, ಬೇರೆ ಯಾವುದೋ ಪೆಟ್ಟಿಗೆ ಎಕ್ಸ್‌ರೇ ತೆಗೆದಾಗ ಕಂಡಿತ್ತು. ಸಣ್ಣದಾದರೆ ಸುಮ್ಮನೆ ನೋಡಿಕೊಂಡಿರುತ್ತಾರೆ, ದೊಡ್ಡದಾಗಿ ಮೂಳೆ ಮುರಿಯುವ ಹಾಗಿದ್ದರೆ ಕೆರೆದು ಮೂಳೆಪುಡಿ ತುಂಬುತ್ತಾರೆ ಎಂದರು ಅವನ ಅಪ್ಪ. ಇನ್ನೊಬ್ಬಳಿಗೆ ಹೆಬ್ಬೆರಳ ಉಗುರಿನ ಅಡಿಯಲ್ಲಿ ಮೂಳೆ ಬೆಳೆದು ಉಗುರನ್ನೇ ಎತ್ತಿತ್ತು. ಉಗುರುಸುತ್ತು ಎಂದು ಎಷ್ಟೋ ಮುಲಾಮು ಹಚ್ಚಿದ ಮೇಲೆ ಎಕ್ಸ್‌ರೇ ತೆಗೆದಿದ್ದರಂತೆ. ಇವು ಎರಡೂ ಎಕ್ಸ್‌ರೇಯಲ್ಲಿ ಕಾಣುವಂಥವು. ನಮ್ಮದು ಕಾಣದ ಜಾತಿ.

ಒಳಗಿದ್ದ ಡಾಕ್ಟರು ಸಿ.ಡಿ. ಹಾಕುವ ಮೊದಲು ಮಗಳನ್ನು ಮಾತಾಡಿಸಿದರು. ಎಲ್ಲಿ ನೋವು, ಯಾವಾಗ, ಒಂದು ಬೆರಳಲ್ಲಿ ತೋರಿಸು ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನೋವಿನ ಮಾತ್ರೆ ಕೊಟ್ಟರೆ ಎಷ್ಟು ಹೊತ್ತಿಗೆ ಹೋಗ್ತದೆ? ಪೂರ್ತಿ ಹೋಗ್ತದಾ?" ಎಂದು ಕೇಳಿದರು. ಅದುವರೆಗೆ ಯಾರೂ ಕೇಳದಿದ್ದ ಪ್ರಶ್ನೆ. ನಾನು ನೋಟ್‌ಬುಕ್ ಮುಂದಿಟ್ಟೆ. ಎರಡು ಪುಟ ತಿರುವಿ, ಪಕ್ಕದಲ್ಲಿದ್ದ ಕಿರಿಯ ಡಾಕ್ಟರಿಗೆ ತೋರಿಸಿ, "ಇದನ್ನು ಓದಿ ನೀನು ಡಯಾಗ್ನೋಸಿಸ್ ಹೇಳು" ಎಂದರು. ಆ ಹುಡುಗ ಓದಿ, "ಆಸ್ಟಿಯಾಯ್ಡ್ ಆಸ್ಟಿಯೋಮಾ, ಸಾರ್" ಎಂದ. ಇನ್ನೂ ಸಿ.ಡಿ. ಹಾಕಿರಲಿಲ್ಲ.

ಮತ್ತೆ ಎಂ.ಆರ್.ಐ. ಬೇಡ, ಸಿ.ಟಿ. ಬೇಕು, ಅದೂ ಒಂದು ಮಿಲಿಮೀಟರಿನ ತೆಳು ಸೀಳುಗಳಲ್ಲಿ, ಟೇಲಸ್ ಒಂದಕ್ಕೇ ಎಂದು ಬರೆದುಕೊಟ್ಟರು. ಎಂ.ಆರ್.ಐ. ದುಬಾರಿ, ದೊಡ್ಡ ಯಂತ್ರ, ಹಾಗಾಗಿ ಅದರಲ್ಲಿ ಕಾಣದ್ದು ಬೇರೆಲ್ಲೂ ಕಾಣದು ಎಂದು ನಾವು ತಿಳಿದಿದ್ದೆವು. ಈ ಕಾಯಿಲೆಯಲ್ಲಿ ವಿಷಯ ತಿರುಗುಮುರುಗು. ಎಂ.ಆರ್.ಐ. ಮೂಳೆಯ ಸುತ್ತಲಿನ ಊತವನ್ನು ಎಷ್ಟು ಜೋರಾಗಿ ತೋರಿಸುತ್ತದೆ ಎಂದರೆ ಮೂಲ ಅದರೊಳಗೆ ಮುಚ್ಚಿಹೋಗುತ್ತದೆ. ಸಿ.ಟಿ. ಮೂಳೆಯನ್ನೇ ನೇರ ತೋರಿಸುತ್ತದೆ. ಅಂದು ಸಂಜೆಯೇ ಪರದೆಯ ಮೇಲೆ ತೋರಿಸಿದರು. ಟೇಲಸ್‌ನ ಕುತ್ತಿಗೆಯ ಭಾಗದಲ್ಲಿ, ಮೇಲ್ಮೈಗೆ ತಾಗಿಕೊಂಡು, ಕರಿಮೆಣಸಿನ ಕಾಳಿನಷ್ಟು ಒಂದು ಕಪ್ಪು ಗುಂಡು, ಅದರ ನಟ್ಟನಡುವೆ ಬಿಳಿ ಚುಕ್ಕಿ. ಇದಕ್ಕೆ ನೈಡಸ್ ಎನ್ನುತ್ತಾರೆ. ಅಡ್ಡಗಲ ಆರು ಮಿಲಿಮೀಟರು. ಇಷ್ಟೇ? ಇಷ್ಟಕ್ಕೆ ಮನೆಯೆಲ್ಲ ನಿದ್ದೆಗೆಟ್ಟದ್ದು?

ಆಸ್ಟಿಯಾಯ್ಡ್ ಆಸ್ಟಿಯೋಮಾ ಎಂಬುದು ಹೊಸ ಕಾಯಿಲೆಯೇನಲ್ಲ. ನ್ಯೂಯಾರ್ಕಿನ ಹೆನ್ರಿ ಜಾಫೆ ಎಂಬ ವೈದ್ಯರು 1935ರಲ್ಲೇ ಇದನ್ನು ಪ್ರತ್ಯೇಕ ಗಡ್ಡೆಯೆಂದು ಗುರುತಿಸಿ ಬರೆದಿದ್ದರು. ಅದಕ್ಕೆ ಮುಂಚೆ ಇದನ್ನು ಮೂಳೆಯ ಸೋಂಕು ಎಂದೇ ಎಣಿಸುತ್ತಿದ್ದುದು ಹೆಚ್ಚು. ಸಾಮಾನ್ಯವಾಗಿ ಐದರಿಂದ ಇಪ್ಪತ್ತೈದರ ವಯಸ್ಸಿನವರಲ್ಲಿ, ಹೆಚ್ಚಾಗಿ ತೊಡೆಯ ಮೂಳೆ ಮತ್ತು ಮೊಣಕಾಲ ಕೆಳಗಿನ ಮೂಳೆಯಲ್ಲಿ ಬರುತ್ತದೆ. ಪಾದಕ್ಕೆ ಬಂದರೆ ಟೇಲಸ್ ಅದರ ಇಷ್ಟದ ಜಾಗಗಳಲ್ಲೊಂದು. ಗಾತ್ರ ಒಂದೂವರೆ ಸೆಂಟಿಮೀಟರು ಮೀರುವುದು ಕಡಿಮೆ. ಇದು ಕ್ಯಾನ್ಸರಾಗಿ ತಿರುಗುವುದಿಲ್ಲ, ಬೇರೆ ಕಡೆಗೆ ಹರಡುವುದಿಲ್ಲ. ಡಾಕ್ಟರು ಈ ವಾಕ್ಯವನ್ನು ನನಗೊಮ್ಮೆ, ನಮ್ಮನೆಯವರಿಗೊಮ್ಮೆ, ಮಗಳಿಗೊಮ್ಮೆ ಬೇರೆ ಬೇರೆಯಾಗಿ ಹೇಳಿದರು. ಹುಡುಗರಿಗೆ ಹುಡುಗಿಯರಿಗಿಂತ ಎರಡು ಮೂರು ಪಟ್ಟು ಹೆಚ್ಚು ಎಂದೂ ಹೇಳಿದರು. "ಹುಡುಗ್ರಿಗೆ ಬಪ್ಪದು ಯಂಗೆ ಎಂತಕ್ಕೆ ಬಂತು?" ಎಂದು ಮಗಳು ದಾರಿಯುದ್ದಕ್ಕೂ ಕೇಳಿದಳು. ಯಾರಿಗೆ ಯಾಕೆ ಬರುತ್ತದೆ ಎಂಬುದಕ್ಕೆ ಡಾಕ್ಟರಲ್ಲೂ ಉತ್ತರವಿರಲಿಲ್ಲ. ಖೋಖೋದಿಂದ ಬಂದದ್ದಲ್ಲ, ಜಾತ್ರೆಯಲ್ಲಿ ನಡೆದದ್ದರಿಂದಲ್ಲ, ಹಾಲು ಕುಡಿಯದ್ದರಿಂದಲ್ಲ. ಕೊನೆಯದನ್ನು ಅತ್ತೆಗೆ ಒಪ್ಪಿಸುವುದು ಇನ್ನೂ ಆಗಿಲ್ಲ.

ಎಕ್ಸ್‌ರೇಯಲ್ಲಿ ಯಾಕೆ ಕಾಣಲಿಲ್ಲ? ತೊಡೆಯಂಥ ಉದ್ದ ಮೂಳೆಯಲ್ಲಿ ಈ ಗಡ್ಡೆ ಬಂದರೆ ದೇಹ ಅದರ ಸುತ್ತ ಗಟ್ಟಿ ಮೂಳೆಯನ್ನು ದಪ್ಪಗೆ ಕಟ್ಟುತ್ತದೆ, ಆ ಬಿಳಿ ದಪ್ಪ ಎಕ್ಸ್‌ರೇಯಲ್ಲಿ ಎದ್ದು ಕಾಣುತ್ತದೆ. ಟೇಲಸ್‌ನ ಕುತ್ತಿಗೆ ಕೀಲಿನ ಚೀಲದ ಒಳಗಿದೆ. ಅಲ್ಲಿ ಹಾಗೆ ಕಟ್ಟುವುದು ತೀರಾ ಕಡಿಮೆ, ಮೇಲಾಗಿ ಪಾದದ ಮೂಳೆಗಳು ಒಂದರ ಮೇಲೊಂದು ನೆರಳು ಹಾಕುತ್ತವೆ. ಊತ, ನೀರು, ಸಂಧಿವಾತದ ಅನುಮಾನ ಬಂದದ್ದಕ್ಕೂ ಇದೇ ಕಾರಣ: ಗಡ್ಡೆ ಕೀಲಿನೊಳಗೆ ಕೂತು ಒಳಪೊರೆಯನ್ನು ಕೆಣಕುತ್ತಿತ್ತು. ಹುಬ್ಬಳ್ಳಿಯ ವರದಿ ಸುಳ್ಳಾಗಿರಲಿಲ್ಲ. ಊತ ಇದ್ದದ್ದು ನಿಜ, ಊತಕ್ಕೆ ಕಾರಣ ಅದರಲ್ಲಿ ಇರಲಿಲ್ಲ ಅಷ್ಟೇ.

ಮಾತ್ರೆಯ ಗುಟ್ಟು ನನಗೆ ಎಲ್ಲಕ್ಕಿಂತ ಹಿಡಿಸಿತು. ಆ ಕಾಳಿನಷ್ಟು ಜಾಗ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕವನ್ನು ಮಾಮೂಲಿಗಿಂತ ಎಷ್ಟೋ ಪಟ್ಟು ತಯಾರಿಸುತ್ತಿರುತ್ತದೆ, ಅದರೊಳಗೆ ನರದ ಎಳೆಗಳೂ ಇರುತ್ತವೆ. ಹೀಗೆ ನೋವು. ಐಬುಪ್ರೊಫೆನ್, ನ್ಯಾಪ್ರೊಕ್ಸೆನ್ ಜಾತಿಯ ಮಾತ್ರೆಗಳು ಪ್ರೊಸ್ಟಾಗ್ಲಾಂಡಿನ್ ತಯಾರಿಯನ್ನೇ ತಡೆಯುತ್ತವೆ, ಪ್ಯಾರಾಸಿಟಮಾಲ್ ಮೂಳೆಯ ಜಾಗದಲ್ಲಿ ಅಷ್ಟಾಗಿ ತಡೆಯುವುದಿಲ್ಲ. ಅದಕ್ಕೇ ಕೆಂಪು ಮಾತ್ರೆ, ಬಿಳಿ ಮಾತ್ರೆಯ ವ್ಯತ್ಯಾಸ. ಹಳೆಯ ಪುಸ್ತಕಗಳಲ್ಲಿ ಆಸ್ಪಿರಿನ್ ಕೊಟ್ಟರೆ ಹೋಗುವ ರಾತ್ರಿ ನೋವು ಎಂದೇ ಈ ಕಾಯಿಲೆಯ ಗುರುತು ಬರೆದಿದೆಯಂತೆ. ಆದರೆ ಮಕ್ಕಳಿಗೆ ಆಸ್ಪಿರಿನ್ ಕೊಟ್ಟು ಪರೀಕ್ಷೆ ಮಾಡಲು ಹೋಗಬೇಡಿ. ವೈರಸ್ ಜ್ವರದ ಜೊತೆ ಅದು ಸೇರಿದರೆ ರೈ ಸಿಂಡ್ರೋಮ್ ಎಂಬ ಅಪಾಯ ಇದೆ.

ಮುಂದೇನು? ಮೂರು ದಾರಿ ಇದ್ದವು. ಏನೂ ಮಾಡದೆ ಮಾತ್ರೆಯ ಮೇಲೇ ಕಾಲ ಕಳೆಯುವುದು ಒಂದು. ಈ ಗಡ್ಡೆ ಕೆಲವು ವರ್ಷಗಳಲ್ಲಿ ತಾನೇ ಆರಿಹೋಗುವುದೂ ಉಂಟು. ಆದರೆ ವರ್ಷಗಟ್ಟಲೆ ದಿನಾ ಆ ಮಾತ್ರೆ ತಿಂದರೆ ಹೊಟ್ಟೆ, ಮೂತ್ರಪಿಂಡದ ಗತಿ? ಕೀಲಿನೊಳಗಿನ ಗಡ್ಡೆಯಾದ್ದರಿಂದ ಅಷ್ಟು ಕಾಲ ಊದಿಕೊಂಡೇ ಇದ್ದರೆ ಕೀಲಿಗೂ ಹಾನಿ. ಎರಡನೆಯದು ತೆರೆದು ಮಾಡುವ ಆಪರೇಷನ್, ಗಡ್ಡೆಯನ್ನು ಕೆರೆದು ತೆಗೆಯುವುದು. ಟೇಲಸ್ ವಿಷಯದಲ್ಲಿ ಅದು ಸುಲಭವಲ್ಲ. ಆ ಮೂಳೆಗೆ ರಕ್ತ ಪೂರೈಕೆ ಮೊದಲೇ ಬಡತನದ್ದು, ಬಹುಪಾಲು ಕುತ್ತಿಗೆಯ ಕಡೆಯಿಂದಲೇ ಬರುತ್ತದೆ. ಅಲ್ಲಿ ಹೆಚ್ಚು ಕೆದಕಿದರೆ ಮೂಳೆಯೇ ಒಣಗುವ ಭಯ. ಮೂರನೆಯದು ಸೂಜಿ ಚುಚ್ಚಿ ಸುಡುವುದು, ರೇಡಿಯೋಫ್ರೀಕ್ವೆನ್ಸಿ ಅಬ್ಲೇಶನ್. ಬೋಸ್ಟನ್ನಿನ ಡೇನಿಯಲ್ ರೋಸೆಂತಾಲ್ ಮತ್ತು ಸಂಗಡಿಗರು ಈ ಗಡ್ಡೆಗೆ ಇದನ್ನು ಬಳಸಿ 1992ರಲ್ಲಿ ಪ್ರಕಟಿಸಿದ ಮೇಲೆ ಜಗತ್ತಿನೆಲ್ಲೆಡೆ ಹರಡಿದ ವಿಧಾನ. ಹತ್ತರಲ್ಲಿ ಒಂಬತ್ತು ಮಂದಿಗೆ ಒಂದೇ ಸಲಕ್ಕೆ ಗುಣವಾಗುತ್ತದೆ ಎಂದರು.

ಇದರ ಅಪಾಯಗಳನ್ನು ಡಾಕ್ಟರು ಮುಚ್ಚಿಡಲಿಲ್ಲ. ಮಗಳ ಬೆರಳನ್ನೇ ಹಿಡಿದು ಅವಳ ಪಾದದ ಮೇಲೆ ಇಟ್ಟು, "ಇಲ್ಲಿ ನಾಡಿ ಹೊಡೆಯೋದು ಗೊತ್ತಾಗ್ತದಾ?" ಎಂದರು. ಪಾದದ ಮೇಲೂ ನಾಡಿ ಸಿಗುತ್ತದೆ ಎಂದು ನಮಗೆ ಮೂವರಿಗೂ ಅಂದೇ ಗೊತ್ತಾದದ್ದು. ಆ ರಕ್ತನಾಳವೂ ಅದರ ಪಕ್ಕದ ನರವೂ ಗಂಟಿನ ಮುಂದೆ, ನಮ್ಮ ಗಡ್ಡೆಯ ನೆತ್ತಿಯ ಮೇಲೇ ಹಾದುಹೋಗುತ್ತವೆ. ಪಾದದಲ್ಲಿ ಮಾಂಸ ಕಡಿಮೆ, ಚರ್ಮದಿಂದ ಮೂಳೆಗೆ ದೂರವಿಲ್ಲ. ಆದ್ದರಿಂದ ನೇರ ಮುಂದಿನಿಂದ ಹೋಗದೆ ಪಕ್ಕದಿಂದ ಓರೆಯಾಗಿ ದಾರಿ ಹುಡುಕಬೇಕು. ಕೀಲಿನ ಮೃದ್ವಸ್ಥಿಗೆ ಬಿಸಿ ತಾಗಬಾರದು, ಚರ್ಮ ಸುಡಬಾರದು. ಈ ಮಾತೆಲ್ಲ ಕೇಳಿದ ಮೇಲೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಕೈ ಬರಲಿಲ್ಲ ಎಂದೇನಿಲ್ಲ. ಎಲ್ಲ ತಿಳಿದಿದ್ದರಿಂದಲೇ ನಿರಾಳವಾಗಿ ಹಾಕಿದೆ. ಏನೂ ಆಗಲ್ಲ ಬಿಡಿ ಎನ್ನುವ ಡಾಕ್ಟರನ್ನು ಕಂಡರೆ ನನಗೆ ಹೆದರಿಕೆ.

ಇನ್ಶೂರೆನ್ಸ್ ಕಥೆ ಬೇರೆಯೇ ಬರೆಯಬೇಕು. ಚುಟುಕಾಗಿ ಹೇಳುವುದಾದರೆ, ಗಡ್ಡೆ ಎಂದು ಕಂಡಕೂಡಲೇ ಅವರು ಹಳೆಯ ಕಾಯಿಲೆಯೇ ಎಂದು ಕೇಳಿ ಕಾಗದ ವಾಪಸು ಕಳಿಸಿದರು. ಮೊದಲ ಎಕ್ಸ್‌ರೇಯಿಂದ ಹಿಡಿದು ಎಲ್ಲ ಚೀಟಿಗಳೂ ತಾರೀಕಿನ ಪ್ರಕಾರ ಫೈಲಿನಲ್ಲಿ ಇದ್ದುದರಿಂದ ಒಪ್ಪಿಗೆ ಸಿಕ್ಕಿತು.

ಮಾಡುವುದು ಆಪರೇಷನ್ ಥಿಯೇಟರಿನಲ್ಲಲ್ಲ, ಸಿ.ಟಿ. ಕೋಣೆಯಲ್ಲಿ. ಚಿತ್ರ ನೋಡಿಕೊಂಡೇ ಸೂಜಿ ಇಳಿಸಬೇಕಲ್ಲ. ಆರು ಗಂಟೆ ಮುಂಚಿನಿಂದ ಅನ್ನ ನೀರು ಇಲ್ಲ. ಪೂರ್ತಿ ಅರಿವಳಿಕೆ ಬೇಕೇ, ಮರಗಟ್ಟಿಸಿದರೆ ಸಾಲದೇ ಎಂದು ನಾನು ಕೇಳಿದ್ದೆ. ನೈಡಸ್‌ಗೆ ಸೂಜಿ ತಾಗಿದ ಗಳಿಗೆ ನೋವು ಎಷ್ಟಿರುತ್ತದೆ ಎಂದರೆ ಅರಿವಳಿಕೆಯಲ್ಲಿದ್ದರೂ ಮಗುವಿನ ಎದೆಬಡಿತ ಏರುವುದು ಪರದೆಯಲ್ಲಿ ಕಾಣುತ್ತದೆ ಎಂದರು ಅರಿವಳಿಕೆಯ ಡಾಕ್ಟರು. ಮತ್ತೆ ಆ ಪ್ರಶ್ನೆ ಎತ್ತಲಿಲ್ಲ. ಕೋಣೆ ಹಿಮದ ಹಾಗೆ ತಣ್ಣಗಿತ್ತು. ಮಗಳು ನಿದ್ದೆ ಹೋಗುವವರೆಗೆ ಕೈ ಹಿಡಿದುಕೊಂಡಿರಲು ಬಿಟ್ಟರು, ಆಮೇಲೆ ಹೊರಗೆ.

ಒಳಗೆ ಆದದ್ದನ್ನು ನಂತರ ವಿವರಿಸಿದರು. ತೊಡೆಗೆ ದೊಡ್ಡ ಪಟ್ಟಿಯೊಂದನ್ನು ಅಂಟಿಸುತ್ತಾರೆ, ವಿದ್ಯುತ್ತು ವಾಪಸು ಹೋಗುವ ದಾರಿ ಅದು. ಸಿ.ಟಿ. ನೋಡುತ್ತಾ ಟೊಳ್ಳು ಸೂಜಿಯನ್ನು ಮೂಳೆಯವರೆಗೆ ತಂದು, ಸಣ್ಣ ಡ್ರಿಲ್ಲಿನಿಂದ ನೈಡಸ್‌ವರೆಗೆ ರಂಧ್ರ ಕೊರೆಯುತ್ತಾರೆ. ಪರೀಕ್ಷೆಗೆ ಚೂರು ತೆಗೆದುಕೊಳ್ಳುತ್ತಾರೆ. ಅದೇ ದಾರಿಯಲ್ಲಿ ಇಳಿಸುವ ಎಲೆಕ್ಟ್ರೋಡಿಗೆ ತುದಿಯ ಐದು ಮಿಲಿಮೀಟರು ಬಿಟ್ಟು ಉಳಿದದ್ದಕ್ಕೆಲ್ಲ ಹೊದಿಕೆ. ತುದಿಯನ್ನು 90 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿ ಕೆಲವು ನಿಮಿಷ ಹಿಡಿಯುತ್ತಾರೆ, ಅದರ ಸುತ್ತಲಿನ ಸುಮಾರು ಒಂದು ಸೆಂಟಿಮೀಟರು ಜಾಗ ಬೆಂದುಹೋಗುತ್ತದೆ. ಸುಡುವುದಕ್ಕೆ ಹಿಡಿದದ್ದು ನಿಮಿಷಗಳು, ಉಳಿದ ಹೊತ್ತೆಲ್ಲ ಸೂಜಿಯ ದಾರಿ ಸರಿ ಮಾಡುವುದಕ್ಕೇ ಹೋಯಿತು. ಹೊರಗೆ ಕಾಯುತ್ತಿದ್ದ ನಮಗೆ ಅದು ಗೊತ್ತಿಲ್ಲದೆ, ಐದಾರು ನಿಮಿಷದ ಕೆಲಸ ಎಂದವರು ಒಂದೂವರೆ ಗಂಟೆಯಾದರೂ ಬಾಗಿಲು ತೆರೆಯಲಿಲ್ಲವಲ್ಲ ಎಂದು ಜೀವ ಬಾಯಿಗೆ ಬಂದಿತ್ತು. ಇಂಥದ್ದಕ್ಕೆ ಹೋಗುವವರು ಒಟ್ಟು ಎಷ್ಟು ಹೊತ್ತು ಎಂದು ಕೇಳಿಕೊಳ್ಳಿ.

ಹೊರಗೆ ಬಂದಾಗ ಪಾದದ ಪಕ್ಕದಲ್ಲಿ ಒಂದು ಸಣ್ಣ ಪ್ಲಾಸ್ಟರು, ಅಷ್ಟೇ. ಅಂದು ರಾತ್ರಿ ಸೂಜಿ ಚುಚ್ಚಿದ ಜಾಗ ನೋಯುತ್ತಿತ್ತು, ಅದಕ್ಕೆ ಔಷಧಿ ಕೊಟ್ಟಿದ್ದರು. ಎರಡು ಗಂಟೆಗೆ ಅವಳು ಏಳುತ್ತಾಳೆ ಎಂದು ನಾನು ಎಚ್ಚರವಾಗೇ ಇದ್ದೆ. ಏಳಲಿಲ್ಲ. ಬೆಳಗ್ಗೆ ಕಾಫಿಯ ಹೊತ್ತಿಗೆ ಎದ್ದು, ಕಣ್ಣು ತಿಕ್ಕಿಕೊಂಡು, "ಆಯಿ, ನೋವು ಬೈಂದಿಲ್ಲೆ" ಎಂದಳು. ಹಳೆಯ ನೋವು ಹೋಯಿತೋ ಇಲ್ಲವೋ ಎಂದು ತಿಳಿಯಲು ಎಷ್ಟು ದಿನ ಬೇಕು ಎಂದು ಹಿಂದಿನ ದಿನ ಕೇಳಿದ್ದಕ್ಕೆ ಡಾಕ್ಟರು, "ನನ್ನನ್ನು ಕೇಳಬೇಡಿ, ನಾಳೆ ಅವಳೇ ಹೇಳ್ತಾಳೆ" ಎಂದು ನಕ್ಕಿದ್ದರು.

ಚೂರಿನ ಪರೀಕ್ಷೆಯ ವರದಿ ಬಂದಾಗ ಮಾತ್ರ ಸಪ್ಪೆಯಾಯಿತು. ಸಿಕ್ಕಿದ ಚೂರು ಖಚಿತವಾಗಿ ಹೇಳಲು ಸಾಲದು ಎಂದಿತ್ತು. ಇಷ್ಟು ಸಣ್ಣ ಗಡ್ಡೆಯಿಂದ ಸೂಜಿಯಲ್ಲಿ ತೆಗೆದ ಚೂರು ಹೀಗಾಗುವುದು ಮಾಮೂಲು, ಸಿ.ಟಿ. ಚಿತ್ರ, ನೋವಿನ ರೀತಿ, ಸುಟ್ಟ ಮೇಲೆ ನೋವು ನಿಂತದ್ದು ಮೂರೂ ಒಂದೇ ಕಡೆ ಬೆರಳು ತೋರಿಸುತ್ತಿವೆ ಎಂದರು. ನಮ್ಮನೆಯವರಿಗೆ ಇದು ಅಷ್ಟು ಸಮಾಧಾನ ತರಲಿಲ್ಲ. ಕಾಗದದಲ್ಲಿ ಹೆಸರು ಬರೆದಿದ್ದರೆ ಚೆನ್ನಾಗಿತ್ತು ಎಂದು ಇವತ್ತಿಗೂ ಗೊಣಗುತ್ತಾರೆ. ನನಗೆ ನೋಟ್‌ಬುಕ್ಕಿನ ಖಾಲಿ ಪುಟ ಸಾಕು.

ಮರುದಿನವೇ ಕಾಲೂರಿ ನಡೆಯಲು ಬಿಟ್ಟರು. ಓಟ, ಜಿಗಿತ ಮೂರು ತಿಂಗಳು ಬೇಡ. ರಂಧ್ರ ಕೊರೆದ ಮೂಳೆ ತುಂಬಿಕೊಳ್ಳುವವರೆಗೆ ಹುಷಾರಾಗಿರಬೇಕು. ನೋವು ಒಂದೇ ರಾತ್ರಿಯಲ್ಲಿ ಹೋಗಿದ್ದರೂ ಕುಂಟು ಹೋಗಲಿಲ್ಲ, ಇದನ್ನು ನಾವು ನಿರೀಕ್ಷಿಸಿರಲಿಲ್ಲ. ಅಷ್ಟು ಕಾಲ ಕುಂಟಿದ ಕಾಲಿಗೆ ಸರಿಯಾಗಿ ನಡೆಯುವುದೇ ಮರೆತಿತ್ತು. ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಲ್ಲುವುದು, ಮೆಟ್ಟಿಲ ಅಂಚಿನಲ್ಲಿ ಹಿಮ್ಮಡಿ ಇಳಿಸುವುದು, ಒಂಟಿ ಕಾಲಲ್ಲಿ ನಿಂತು ಹಲ್ಲುಜ್ಜುವುದು, ಹೀಗೆ ಫಿಸಿಯೋಥೆರಪಿ. ಒಂಟಿ ಕಾಲಿನ ಹಲ್ಲುಜ್ಜುವಿಕೆಗೆ ಅವಳ ತಮ್ಮನೂ ಸೇರಿಕೊಂಡ, ಬಚ್ಚಲಲ್ಲಿ ದಿನಾ ಜಗಳ. ಎರಡೂ ಮೀನಖಂಡಗಳನ್ನು ಟೈಲರ್ ಟೇಪಿನಲ್ಲಿ ಅಳೆದು ಬರೆದಿಡುತ್ತಿದ್ದೆ. ಸಮ ಆಗಲು ಮಳೆಗಾಲ ಪೂರ್ತಿ ಹಿಡಿಯಿತು.

ಖೋಖೋಗೆ ವಾಪಸು ಹೋಗಿದ್ದಾಳೆ. ಹೊಸ ವರ್ಷದ ತಂಡದಲ್ಲಿ ಅವಳ ಜಾಗ ಇನ್ನೊಬ್ಬಳಿಗೆ ಹೋಗಿತ್ತು, ಈಗ ಹೆಚ್ಚುವರಿ ಆಟಗಾರ್ತಿ, ಅದಕ್ಕೆ ದಿನಾ ಮುಖ ಊದಿಸುತ್ತಾಳೆ. ಗಡ್ಡೆ ಮರಳಿ ಬರುವುದಿದ್ದರೆ ಹೆಚ್ಚಾಗಿ ಮೊದಲ ಎರಡು ವರ್ಷದೊಳಗೆ, ಅದೂ ಅದೇ ರಾತ್ರಿ ನೋವಿನ ರೂಪದಲ್ಲಿ ಎಂದಿದ್ದಾರೆ. ಬಂದರೆ ಮತ್ತೊಮ್ಮೆ ಸುಡಬಹುದಂತೆ. ನೋವಿಲ್ಲದಿದ್ದರೆ ಸುಮ್ಮನೆ ಧೈರ್ಯಕ್ಕೆಂದು ಸಿ.ಟಿ. ಮಾಡಿಸುವುದು ಬೇಡ, ಬೆಳೆಯುವ ಮಗುವಿಗೆ ವಿಕಿರಣ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು ಎಂದೂ ಹೇಳಿದ್ದಾರೆ. ಹಾಗಾಗಿ ಮುಂದಿನ ಸಲ ಘಟ್ಟ ಇಳಿದಾಗ ಎಕ್ಸ್‌ರೇ ಮಾತ್ರ, ಮತ್ತೆ ಡಾಕ್ಟರು ಪಾದ ಆಡಿಸಿ ನೋಡುವುದು. ರಸ್ತೆ ಕೆಲಸ ಅಷ್ಟರಲ್ಲಿ ಮುಗಿದಿದ್ದರೆ ಬೆಳಗ್ಗೆ ಹೋಗಿ ರಾತ್ರಿ ಊಟಕ್ಕೆ ಮನೆಗೆ ಬರಬಹುದು.